ಹಳೇ ಶೆವಿ 350 ಎಂಜಿನ್‌ಗೆ ಕಿತ್ತು ಹಾಕಿರೋ ಒರಿಜಿನಲ್ ಸ್ಮಾಗ್ ಸಾಮಾನು ವಾಪಸ್ ಕೂರಿಸೋದು ಹೇಗೆ

ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರ್ ತಗೋಬೇಕು ಅಂತಿರೋರು ಮೊದ್ಲು ನೆನಪಿಟ್ಕೋಬೇಕಾದ ಇಸವಿ 1975. ಆ ವರ್ಷದ್ದು, ಅದಕ್ಕಿಂತ ಹಳೇದು ಆದ್ರೆ ಪೆಟ್ರೋಲ್ ಕಾರಿಗೆ ಸ್ಮಾಗ್ ಚೆಕ್, ಅಂದ್ರೆ ರಾಜ್ಯದ ಹೊಗೆ ಪರೀಕ್ಷೆ, ಇಲ್ಲ. 1976ರಿಂದ ಈಚೆಗಿನದಕ್ಕೆ ಇದೆ, ಹೆಚ್ಚಿನ ಊರುಗಳಲ್ಲಿ ಎರಡು ವರ್ಷಕ್ಕೊಂದು ಸಲ, ಕಾರ್ ಕೈ ಬದಲಾಯಿಸುವಾಗ ಇನ್ನೊಂದು ಸಲ. ಹಾಗಾಗಿ ಶೆವಿ 350 (ಶೆವ್ರೊಲೆ ಕಂಪನಿಯ 350 ಘನ ಇಂಚಿನ ವಿ8 ಎಂಜಿನ್) ಇರೋ 78ರ ಕಮಾರೋನೋ ಕಾರ್ವೆಟ್ಟೋ ನೋಡೋಕೆ ಚೆನ್ನಾಗಿದ್ದು ರೇಟ್ ಮಾತ್ರ ಅನುಮಾನ ಬರೋಷ್ಟು ಕಮ್ಮಿ ಇದ್ರೆ ಪೇಂಟ್ ನೋಡ್ತಾ ನಿಲ್ಲಬೇಡಿ, ಸೀದಾ ಬಾನೆಟ್ ಎತ್ತಿ. ಹತ್ರಲ್ಲಿ ಒಂಬತ್ತು ಕಾರಲ್ಲಿ ಎಕ್ಸಾಸ್ಟ್‌ಗೆ ಗಾಳಿ ಊದೋ ಏರ್ ಪಂಪ್ (ಸ್ಮಾಗ್ ಪಂಪ್ ಅನ್ನೋದೂ ಇದನ್ನೇ) ಇರಲ್ಲ, ಇಜಿಆರ್ (ಸುಟ್ಟ ಹೊಗೆಯನ್ನ ಸ್ವಲ್ಪ ಎಂಜಿನ್‌ಗೇ ವಾಪಸ್ ಬಿಡೋ ವಾಲ್ವ್) ಜಾಗದಲ್ಲಿ ಒಂದು ತಗಡು ಬಡಿದಿರ್ತಾರೆ, ವ್ಯಾಕ್ಯೂಮ್ ಪೈಪುಗಳ ಬಾಯಿಗೆ ಸ್ಕ್ರೂ ತುರುಕಿರ್ತಾರೆ. ಎಂಬತ್ತರ ದಶಕದಲ್ಲಿ ಯಾರೋ ಪುಣ್ಯಾತ್ಮ "ಇದೆಲ್ಲ ಪವರ್ ತಿನ್ನತ್ತೆ" ಅಂತ ಕಿತ್ತು ಬಿಸಾಕಿರ್ತಾನೆ, ಈಗ ಅದನ್ನ ಹುಡುಕಿ ಕೂರಿಸೋ ಹಣೆಬರಹ ನಮ್ಮದು.

ಊರಲ್ಲಿ ಅಂಬಾಸಿಡರ್, ಪದ್ಮಿನಿ ಬಾನೆಟ್ ನೋಡಿ ಬೆಳೆದೋರಿಗೆ ಈ ಎಂಜಿನ್ ನೋಡಿದ್ರೆ ಗಾಬರಿ ಆಗತ್ತೆ. ಅಲ್ಲಿ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಡೈನಮೋ, ಕತೆ ಮುಗೀತು. ನಮ್ಮಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಎಕ್ಸಾಸ್ಟ್ ಪೈಪಲ್ಲಿ ಹೊಗೆ ಶುದ್ಧ ಮಾಡೋ ಡಬ್ಬ) ಅನ್ನೋದು ಬಂದಿದ್ದೇ 1995ರಲ್ಲಿ, ಅದೂ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮೊದ್ಲು. ಇಲ್ಲಿ 1975ರ ಮಾಡೆಲ್‌ಗೇ ಬಂದಿತ್ತು. ಲಾಸ್ ಏಂಜಲೀಸ್‌ನ ಕಣ್ಣುರಿ ಹೊಗೆ ಎಲ್ಲಿಂದ ಬರ್ತಿದೆ ಅಂತ ಕ್ಯಾಲ್‌ಟೆಕ್‌ನ ಆರೀ ಹಾಗೆನ್-ಸ್ಮಿಟ್ ಅನ್ನೋ ಕೆಮಿಸ್ಟ್ರಿ ಮೇಷ್ಟ್ರು 1950ರ ಆಸುಪಾಸಲ್ಲಿ ಕಂಡುಹಿಡಿದ್ರು, ಸುಡದೇ ಉಳಿದ ಪೆಟ್ರೋಲ್ ಆವಿಯೂ ನೈಟ್ರೋಜನ್ ಆಕ್ಸೈಡೂ ಬಿಸಿಲಲ್ಲಿ ಸೇರಿ ಓಝೋನ್ ಆಗ್ತಿದೆ ಅಂತ. ಅಲ್ಲಿಂದ ಶುರುವಾಗಿದ್ದು. 1961ರ ಮಾಡೆಲ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಪಿಸಿವಿ (ಕ್ರ್ಯಾಂಕ್‌ಕೇಸಿನ ಆವಿಯನ್ನ ಎಳೆದು ವಾಪಸ್ ಸುಡೋಕೆ ಕಳಿಸೋ ವಾಲ್ವ್), 1966ಕ್ಕೆ ಏರ್ ಪಂಪ್, 1970ಕ್ಕೆ ಪೆಟ್ರೋಲ್ ಆವಿ ಹಿಡಿಯೋ ಚಾರ್ಕೋಲ್ ಕ್ಯಾನಿಸ್ಟರ್, 72-73ರ ಹೊತ್ತಿಗೆ ಇಜಿಆರ್, ಆಮೇಲೆ ಕನ್ವರ್ಟರ್. ಒಂದರ ಮೇಲೊಂದು ಹೇರ್ತಾ ಬಂದ್ರು, ಅದಕ್ಕೇ ಎಂಜಿನ್ ಮೇಲೆ ಜಾಗವೇ ಇಲ್ಲ.

ಪವರ್ ವಿಷಯ ಇಲ್ಲೇ ಮುಗಿಸಿಬಿಡ್ತೀನಿ, ಯಾಕಂದ್ರೆ ಎಲ್ರೂ ಕೇಳ್ತಾರೆ. 1970ರ 350ಯ ಎಲ್48 ಅನ್ನೋ ಮಾದರಿಗೆ 300 ಹಾರ್ಸ್‌ಪವರ್ ಅಂತ ಬರೆದಿದ್ರು, 1975ರ ಕಾರ್ವೆಟ್ ಎಲ್48ಗೆ 165. ಇದನ್ನ ನೋಡಿ ಜನ ಸ್ಮಾಗ್ ಪಂಪ್ ಅರ್ಧ ಪವರ್ ತಿಂತು ಅಂತಾರೆ, ತಪ್ಪು. 1971ರಲ್ಲಿ ಸೀಸ ಇಲ್ಲದ ಪೆಟ್ರೋಲಿಗಾಗಿ ಜಿಎಂ ಕಂಪ್ರೆಷನ್ನೇ ಇಳಿಸ್ತು, 1972ರಿಂದ ಪವರ್ ಅಳೆಯೋ ರೀತಿನೇ ಬದಲಾಯ್ತು, ಮೊದ್ಲು ಬರೀ ಎಂಜಿನ್ ಸ್ಟ್ಯಾಂಡ್ ಮೇಲಿಟ್ಟು ಅಳೀತಿದ್ರು ಆಮೇಲೆ ಆಲ್ಟರ್ನೇಟರ್, ಸೈಲೆನ್ಸರ್ ಎಲ್ಲ ಹಾಕಿ ಅಳೆಯೋಕೆ ಶುರುಮಾಡಿದ್ರು. ಪಂಪ್‌ನ ಪಾಲು ಅದ್ರಲ್ಲಿ ಅತ್ಯಲ್ಪ. ಚೆನ್ನಾಗಿರೋ ಪಂಪನ್ನ ಕೈಯಲ್ಲೇ ತಿರುಗಿಸಿ ನೋಡಿ, ಎಷ್ಟು ಹಗುರ ಅಂತ ಗೊತ್ತಾಗತ್ತೆ.

ಸರಿ, ಕೆಲಸಕ್ಕೆ ಬರೋಣ. ಮೊಟ್ಟಮೊದಲು ಬಾನೆಟ್ ಒಳಗಿನ ಸ್ಟಿಕ್ಕರ್ ಹುಡುಕಿ. ರೇಡಿಯೇಟರ್ ಮೇಲಿನ ಪಟ್ಟಿ, ಫ್ಯಾನ್ ಶ್ರೌಡ್, ಬಾನೆಟ್ ಒಳಗಡೆ, ಇಷ್ಟರಲ್ಲೇ ಎಲ್ಲೋ ಇರತ್ತೆ. ಎಂಜಿನ್ ಸೈಜ್, ಇಗ್ನಿಷನ್ ಟೈಮಿಂಗ್, ಐಡಲ್ ಸ್ಪೀಡ್, ಯಾವ್ಯಾವ ಎಮಿಷನ್ ಸಾಮಾನು ಇರಬೇಕು, ಕ್ಯಾಲಿಫೋರ್ನಿಯಾ ಕಾರೋ ಬೇರೆ ರಾಜ್ಯದ್ದೋ, ಎಲ್ಲ ಅದ್ರಲ್ಲೇ ಇರತ್ತೆ, ವ್ಯಾಕ್ಯೂಮ್ ಹೋಸುಗಳ ಚಿತ್ರ ಅದ್ರಲ್ಲೋ ಪಕ್ಕದ ಇನ್ನೊಂದ್ರಲ್ಲೋ ಇರತ್ತೆ. ಸ್ಮಾಗ್ ಸ್ಟೇಷನ್‌ನವನು ನೋಡೋದೂ ಇದನ್ನೇ. ಸ್ಟಿಕ್ಕರ್ ಹರಿದು ಹೋಗಿದ್ರೆ ಅದೇ ಕೋಡ್‌ನ ರಿಪ್ರೊಡಕ್ಷನ್ ಸಿಗತ್ತೆ, ಜೊತೆಗೆ ಆ ವರ್ಷದ ಫ್ಯಾಕ್ಟರಿ ಸರ್ವಿಸ್ ಮ್ಯಾನ್ಯುಯಲ್ ಒಂದು ಕೊಂಡ್ಕೊಳ್ಳಿ. ಒಂದೇ ವರ್ಷದ ಒಂದೇ ಎಂಜಿನ್‌ನಲ್ಲೂ ಕ್ಯಾಲಿಫೋರ್ನಿಯಾ ಕಾರಿಗೆ ಒಂದು ಥರ, ಹೊರಗಿನ ಕಾರಿಗೆ ಇನ್ನೊಂದು ಥರ, ಆಟೋಮ್ಯಾಟಿಕ್‌ಗೆ ಒಂದು, ಮ್ಯಾನ್ಯುಯಲ್‌ಗೆ ಒಂದು. ಪಕ್ಕದ ಮನೆಯವನ ಕಾರ್ ಫೋಟೋ ನೋಡ್ಕೊಂಡು ಹೋಸ್ ಹಾಕಿದ್ರೆ ಆಯ್ತು ಕತೆ. ಇನ್ನೊಂದು, ಕಾರಲ್ಲಿ ಈಗಿರೋ ಎಂಜಿನ್ ಅದರದ್ದೇನಾ ಅಂತಲೂ ಖಾತ್ರಿ ಮಾಡ್ಕೊಳ್ಳಿ. ಬ್ಲಾಕ್ ಮುಂಭಾಗದಲ್ಲಿ, ಪ್ಯಾಸೆಂಜರ್ ಕಡೆ ಸಿಲಿಂಡರ್ ಹೆಡ್ ಮುಂದೆ ಸಣ್ಣ ಸಮತಟ್ಟು ಜಾಗದಲ್ಲಿ ಕೋಡ್ ಹೊಡೆದಿರ್ತಾರೆ. ಎಂಜಿನ್ ಬದಲಾಯಿಸಿದ್ರೆ ಕಾರಿನ ವರ್ಷದ್ದೋ ಅದಕ್ಕಿಂತ ಹೊಸದೋ ಇರಬೇಕು, 1970ರ ಎಂಜಿನ್ 78ರ ಕಾರಲ್ಲಿ ಕೂತಿದ್ರೆ ಮುಂದಿನ ಕೆಲಸಕ್ಕೆಲ್ಲ ಅರ್ಥವೇ ಇಲ್ಲ.

ಸಾಮಾನು ಹುಡುಕೋದು ದೊಡ್ಡ ತಲೆನೋವು. ಜನ ಪಂಪ್ ಹಿಂದೆ ಬೀಳ್ತಾರೆ, ಪಂಪ್ ಸುಲಭವಾಗಿ ಸಿಗತ್ತೆ, ರಿಪೇರಿ ಮಾಡಿದ್ದೂ ಸಿಗತ್ತೆ. ಸಿಗದೇ ಇರೋದು ಬ್ರಾಕೆಟ್. ಎಸಿ ಇರೋ ಕಾರಿಗೊಂದು, ಇಲ್ಲದ್ದಕ್ಕೊಂದು, ಜೊತೆಗೆ ಉದ್ದುದ್ದ ಬೋಲ್ಟುಗಳು, ಅವುಗಳ ಮಧ್ಯೆ ಬರೋ ಸಣ್ಣ ಕೊಳವೆ ಸ್ಪೇಸರ್‌ಗಳು, ಕಿತ್ತವನು ಅವನ್ನ ಯಾವತ್ತೋ ಗುಜರಿಗೆ ಹಾಕಿರ್ತಾನೆ. ಅದಕ್ಕೇ ನನ್ನ ಸಲಹೆ, ಬ್ರಾಕೆಟ್ ಸೆಟ್ ಪೂರ್ತಿ ಸಿಕ್ಕಿದ ಮೇಲೆ ಮಿಕ್ಕಿದ್ದಕ್ಕೆ ದುಡ್ಡು ಹಾಕಿ. ಜಂಕ್‌ಯಾರ್ಡಲ್ಲಿ ಅದೇ ಕಾಲದ ಮಾಲಿಬುನೋ ಇಂಪಾಲಾನೋ 350 ಜೊತೆ ಸಿಕ್ಕಿದ್ರೆ ಬರೀ ಪಂಪ್ ಬಿಚ್ಚಬೇಡಿ, ಮುಂಭಾಗದ ಫೋಟೋ ನಾಲ್ಕೂ ಕಡೆಯಿಂದ ತೆಗೆದು ಆಮೇಲೆ ಬೋಲ್ಟ್ ಸಮೇತ ಎಲ್ಲ ಬಿಚ್ಚಿ, ಯಾವ ಬೋಲ್ಟ್ ಯಾವ ತೂತಿಂದ ಬಂತು ಅಂತ ಬರೆದು ಜಿಪ್‌ಲಾಕ್ ಕವರಲ್ಲಿ ಹಾಕಿಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇಕಿದ್ರೆ ಹುಷಾರು, ಕೆಲವದ್ರಲ್ಲಿ ಏರ್ ಟ್ಯೂಬ್ ಕೂರೋಕೆ ಉಬ್ಬು ಇರತ್ತೆ ಆದ್ರೆ ತೂತು ಕೊರೆದಿರಲ್ಲ, ಪಂಪ್ ಇಲ್ಲದ ಕಾರಿಗೆ ಹಾಕಿದ್ದು ಅದು. ಇಂಟೇಕ್ ಮ್ಯಾನಿಫೋಲ್ಡ್ ಅಲ್ಯುಮಿನಿಯಂದು ಹಾಕಿದ್ರೆ ಅದ್ರಲ್ಲಿ ಇಜಿಆರ್‌ಗೆ ಜಾಗವೇ ಇಲ್ಲದೇ ಇರಬಹುದು, ಆಗ ಅದನ್ನೂ ಬದಲಾಯಿಸ್ಬೇಕು. ಕ್ವಾಡ್ರಾಜೆಟ್ ಕಾರ್ಬುರೇಟರ್‌ದು ಎಡಗಡೆ ಹಿಂಭಾಗದಲ್ಲಿ ನಂಬರ್ ಹೊಡೆದಿರತ್ತೆ, 17058 ಅಂತ ಶುರುವಾದ್ರೆ 1978ರದ್ದು, ಮಿಕ್ಕ ನಂಬರ್ ಮ್ಯಾನ್ಯುಯಲ್ ಜೊತೆ ತಾಳೆ ಹಾಕಿ.

ಕನ್ವರ್ಟರ್ ಮಾತ್ರ ಸೆಕೆಂಡ್ ಹ್ಯಾಂಡ್ ತಗೋಬೇಡಿ, ಕ್ಯಾಲಿಫೋರ್ನಿಯಾದಲ್ಲಿ ಹಳೇ ಕನ್ವರ್ಟರ್ ತಂದು ಹಾಕೋದು ಕಾನೂನಿಗೆ ವಿರುದ್ಧ. ರಾಜ್ಯದ ಅನುಮತಿ ನಂಬರ್ ಕೆತ್ತಿರೋ ಹೊಸದೇ ಬೇಕು, ಅದೂ ನಿಮ್ಮ ಕಾರ್, ಎಂಜಿನ್‌ಗೆ ಅಂತ ಲಿಸ್ಟ್‌ನಲ್ಲಿ ಇರೋದು.

ಒಂದು ಸಾಮಾನೂ ಹಾಕೋ ಮುಂಚೆ ಎಂಜಿನ್ ಆರೋಗ್ಯ ನೋಡ್ಕೊಳ್ಳಿ. ಕಂಪ್ರೆಷನ್ ಅಳೀರಿ, ಐಡಲ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಗೇಜ್ ಹಾಕಿ ನೋಡಿ, ಮುಳ್ಳು 17ರಿಂದ 21 ಇಂಚಿನ ಮಧ್ಯೆ ಅಲ್ಲಾಡದೆ ನಿಂತ್ರೆ ಸರಿ. ಮುಳ್ಳು ಕುಣೀತಿದ್ರೆ ವಾಲ್ವೋ ಪ್ಲಗ್ಗೋ ಏನೋ ಇದೆ, ಅದನ್ನ ಮೊದ್ಲು ಸರಿ ಮಾಡಿ. ಇಲ್ಲಾಂದ್ರೆ ಎಲ್ಲ ಕೂರಿಸಿ ಆದ್ಮೇಲೆ ಎಂಜಿನ್ ತಡವರಿಸಿದಾಗ ಬೈಗುಳ ತಿನ್ನೋದು ಇಜಿಆರ್, ತಪ್ಪು ಇರೋದು ಇನ್ನೆಲ್ಲೋ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೆಲಸ ಶುರು ಮಾಡುವಾಗ ಬ್ಯಾಟರಿ ನೆಗೆಟಿವ್ ಬಿಚ್ಚಿ, ಎಂಜಿನ್ ಪೂರ್ತಿ ತಣ್ಣಗಿರ್ಲಿ. ಗ್ಯಾರೇಜ್ ಬಾಗಿಲು ಮುಚ್ಕೊಂಡು ಎಂಜಿನ್ ಓಡಿಸ್ಬೇಡಿ, ಚಳಿ ಇದ್ರೂ ಅಷ್ಟೇ.

ಪಿಸಿವಿಯಿಂದ ಶುರು ಮಾಡಿ, ಸುಲಭ, ಅಗ್ಗ. ಒಂದು ಕಡೆ ವಾಲ್ವ್ ಕವರಲ್ಲಿ ಪಿಸಿವಿ ವಾಲ್ವ್, ಅಲ್ಲಿಂದ ಹೋಸ್ ಕಾರ್ಬುರೇಟರ್ ಬುಡಕ್ಕೆ. ಇನ್ನೊಂದು ಕಡೆ ಕವರಿಂದ ಏರ್ ಕ್ಲೀನರ್‌ಗೆ ಬ್ರೀದರ್ ಪೈಪ್. ಕ್ರೋಮ್ ಬ್ರೀದರ್ ಟೋಪಿ ಹಾಕಿದ್ರೆ ಅದನ್ನ ತೆಗೆದು ಪೈಪ್ ವಾಪಸ್ ಹಾಕಿ, ಗಾಳಿಗೆ ತೆರೆದಿದ್ರೆ ಫೇಲ್. ವಾಲ್ವ್ ಕೈಯಲ್ಲಿ ಅಲ್ಲಾಡಿಸಿದ್ರೆ ಲೊಟಲೊಟ ಅನ್ಬೇಕು. ಎಂಜಿನ್ ಓಡ್ತಿರುವಾಗ ಕವರಿಂದ ಎಳೆದು ಬಾಯಿಗೆ ಬೆರಳಿಟ್ರೆ ಬಲವಾಗಿ ಎಳೀಬೇಕು, ಐಡಲ್ ಒಂಚೂರು ಇಳೀಬೇಕು. ನೋಡೋಕೆ ಒಂದೇ ಥರ ಇರೋ ವಾಲ್ವ್‌ಗಳ ಒಳಗಿನ ಸ್ಪ್ರಿಂಗ್ ಬೇರೆ ಬೇರೆ ಇರತ್ತೆ, ಹಾಗಾಗಿ ಪಾರ್ಟ್ ನಂಬರ್ ನೋಡೇ ತಗೊಳ್ಳಿ, ತಪ್ಪು ವಾಲ್ವ್ ಹಾಕಿದ್ರೆ ಐಡಲ್ ಮಿಕ್ಸ್ಚರ್ ಎಷ್ಟು ತಿರುಗಿಸಿದ್ರೂ ಸರಿಹೋಗಲ್ಲ.

ಇಜಿಆರ್‌ಗೆ ಸ್ವಲ್ಪ ಹೊತ್ತು ಕೊಡಿ. ಸುಟ್ಟ ಹೊಗೆಯನ್ನ ಸ್ವಲ್ಪ ವಾಪಸ್ ಸಿಲಿಂಡರಿಗೆ ಬಿಡೋದು ಇದರ ಕೆಲಸ, ಅದರಿಂದ ಉರಿಯೋ ಬಿಸಿ ಇಳಿಯತ್ತೆ, ನೈಟ್ರೋಜನ್ ಆಕ್ಸೈಡ್ ಕಮ್ಮಿಯಾಗತ್ತೆ. ಮುಚ್ಚಿರೋ ತಗಡು ತೆಗೆದ ತಕ್ಷಣ ಹೊಸ ವಾಲ್ವ್ ಕೂರಿಸೋಕೆ ಹೋಗಬೇಡಿ, ಟಾರ್ಚ್ ಹಾಕಿ ಎರಡೂ ತೂತೊಳಗೆ ನೋಡಿ. ವರ್ಷಗಟ್ಟಲೆ ಮುಚ್ಚಿದ್ದ ದಾರಿ ಕಲ್ಲಿದ್ದಲು ಥರ ಗಟ್ಟಿ ಕಾರ್ಬನ್ ಕಟ್ಕೊಂಡಿರತ್ತೆ, ಸ್ಕ್ರೂಡ್ರೈವರ್ ತುದಿ ತಾಗಿಸಿದ್ರೆ ಟಕ್ ಅಂತ ಶಬ್ದ ಬರತ್ತೆ ಹೊರತು ಒಳಗೆ ಹೋಗಲ್ಲ. ಇಂಟೇಕ್ ಎಂಜಿನ್ ಮೇಲೇ ಇದ್ರೆ ಕಾರ್ಬುರೇಟರ್ ಬಿಚ್ಚಿ, ಒಳಗೆ ಬಟ್ಟೆ ತುರುಕಿ, ಡ್ರಿಲ್ ಬಿಟ್ಟನ್ನ ಕೈಯಲ್ಲೇ ಹಿಡಿದು ನಿಧಾನಕ್ಕೆ ತಿರುಗಿಸಿ, ಪಕ್ಕದಲ್ಲಿ ಯಾರಾದ್ರೂ ವ್ಯಾಕ್ಯೂಮ್ ಕ್ಲೀನರ್ ಬಾಯಿ ಹಿಡ್ಕೊಂಡು ನಿಂತ್ಕೊಳ್ಲಿ. ಮೆಷಿನ್‌ಗೆ ಡ್ರಿಲ್ ಬಿಟ್ ಹಾಕಿ ಗರಗರ ಅಂತ ಕೊರೀಬೇಡಿ, ಒಂದು ಚೂರು ಕಾರ್ಬನ್ ವಾಲ್ವ್ ಕೆಳಗೆ ಸಿಕ್ಕಿದ್ರೆ ಹೆಡ್ ಬಿಚ್ಚೋ ಕೆಲಸ. ಇಂಟೇಕ್ ಹೊರಗಿದ್ರೆ ಇನ್ನೂ ಒಳ್ಳೇದು, ಕ್ರಾಸ್‌ಓವರ್ ದಾರಿ ಪೂರ್ತಿ ಕೆರೆದು, ಒಂದು ತೂತಿಂದ ಊದಿದ್ರೆ ಇನ್ನೊಂದರಿಂದ ಗಾಳಿ ಸಲೀಸಾಗಿ ಬರೋವರೆಗೂ ಬಿಡಬೇಡಿ.

ಆಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ವಾಲ್ವ್ ಕೂರಿಸಿ. ಇಲ್ಲೊಂದು ಮೋಸ ಇದೆ. ಸಾಮಾನ್ಯವಾಗಿ ಇಜಿಆರ್ ಟೆಸ್ಟ್ ಮಾಡೋಕೆ ಕೈ ವ್ಯಾಕ್ಯೂಮ್ ಪಂಪ್ ಹಾಕಿ ಎಳೆದು ಒಳಗಿನ ಡಯಾಫ್ರಾಮ್ ವ್ಯಾಕ್ಯೂಮ್ ಹಿಡಿದಿಟ್ಕೊಳ್ಳತ್ತಾ ನೋಡ್ತಾರೆ. ಎಪ್ಪತ್ತರ ಕೊನೆಯ ಜಿಎಂ ವಾಲ್ವ್‌ಗಳಲ್ಲಿ ಬ್ಯಾಕ್‌ಪ್ರೆಷರ್ ಥರದ್ದು ಇದೆ, ಅದು ಎಕ್ಸಾಸ್ಟ್ ಒತ್ತಡ ಬರೋವರೆಗೂ ವ್ಯಾಕ್ಯೂಮನ್ನ ಬೇಕಂತಲೇ ಸೋರಿಸತ್ತೆ. ಎಂಜಿನ್ ಆಫ್ ಇದ್ದಾಗ ಟೆಸ್ಟ್ ಮಾಡಿ ಹಿಡೀಲಿಲ್ಲ ಅಂತ ಚೆನ್ನಾಗಿರೋ ವಾಲ್ವ್ ಬಿಸಾಕೋರನ್ನ ತುಂಬಾ ನೋಡಿದೀನಿ. ಅದನ್ನ ನೋಡೋ ರೀತಿ ಬೇರೆ, ಎಂಜಿನ್ ಬಿಸಿ ಮಾಡಿ, ಆರ್‌ಪಿಎಂ ಎರಡು ಸಾವಿರದ ಹತ್ತಿರ ಏರಿಸಿ, ವಾಲ್ವ್ ಕೆಳಗಿನಿಂದ ಡಯಾಫ್ರಾಮ್ ಅಲ್ಲಾಡತ್ತಾ ಅಂತ ಕನ್ನಡಿ ಹಿಡಿದು ನೋಡಿ. ಇನ್ನು ಯಾವ ವಾಲ್ವ್ ಆದ್ರೂ ದಾರಿ ತೆರೆದಿದ್ಯಾ ಅಂತ ನೋಡೋಕೆ ಐಡಲ್‌ನಲ್ಲಿ ದಪ್ಪ ಗ್ಲೌಸ್ ಹಾಕಿದ ಬೆರಳಿಂದ ಡಯಾಫ್ರಾಮ್ ಮೇಲಕ್ಕೆ ತಳ್ಳಿ, ಎಂಜಿನ್ ತಕ್ಷಣ ತಡವರಿಸಬೇಕು, ಇಲ್ಲ ಆಫ್ ಆಗ್ಬೇಕು. ಏನೂ ಆಗಲಿಲ್ಲ ಅಂದ್ರೆ ಕಾರ್ಬನ್ ಇನ್ನೂ ಇದೆ, ಮತ್ತೆ ಕೆರೀರಿ.

ಇಜಿಆರ್‌ಗೆ ವ್ಯಾಕ್ಯೂಮ್ ಸೀದಾ ಹೋಗಲ್ಲ, ಥರ್ಮಲ್ ವ್ಯಾಕ್ಯೂಮ್ ಸ್ವಿಚ್ ದಾಟಿ ಹೋಗತ್ತೆ. ಕೂಲೆಂಟ್ ತಣ್ಣಗಿರುವಾಗ ಅದು ಮುಚ್ಚಿರತ್ತೆ, ಬಿಸಿಯಾದ್ರೆ ತೆರೆಯತ್ತೆ, ಹಾಗಾಗಿ ತಣ್ಣನೆ ಎಂಜಿನ್ ಮೊಂಡು ಮಾಡಲ್ಲ. ಹಳೇ ಸ್ವಿಚ್‌ನ ಪ್ಲಾಸ್ಟಿಕ್ ಮೂತಿ ಮುಟ್ಟಿದ್ರೆ ಮುರಿಯತ್ತೆ, ಹೋಸ್ ಎಳೆಯುವಾಗ ತಿರುಚಬೇಡಿ, ಹೋಸನ್ನೇ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ. ಸ್ವಿಚ್ ಮನೆಯಲ್ಲೇ ಟೆಸ್ಟ್ ಮಾಡಬಹುದು, ತಣ್ಣಗಿದ್ದಾಗ ಒಂದು ಮೂತಿಯಿಂದ ಊದಿ, ಆಮೇಲೆ ಬಿಸಿ ನೀರಲ್ಲಿ ಲೋಹದ ಭಾಗ ಮುಳುಗಿಸಿ ಮತ್ತೆ ಊದಿ, ವ್ಯತ್ಯಾಸ ಇಲ್ಲಾಂದ್ರೆ ಸ್ವಿಚ್ ಹೋಗಿದೆ. ಪಾತ್ರೆ ಮಾತ್ರ ಅಡುಗೆಮನೆಯದ್ದು ಎತ್ತಬೇಡಿ, ಮನೆಯವರ ಹತ್ರ ಆಮೇಲೆ ನೀವೇ ಮಾತಾಡ್ಕೋಬೇಕು.

ಈಗ ಏರ್ ಪಂಪ್. ಬೆಲ್ಟ್‌ನಿಂದ ತಿರುಗೋ ಪಂಪ್ ಗಾಳಿ ಎಳೆದು ಡೈವರ್ಟರ್ ವಾಲ್ವ್ ಮೂಲಕ ಎರಡು ಕಡೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಕಳಿಸತ್ತೆ, ಅಲ್ಲಿ ಸುಡದೇ ಬಂದ ಪೆಟ್ರೋಲ್ ಆವಿ, ಕಾರ್ಬನ್ ಮೊನಾಕ್ಸೈಡ್ ಆ ಗಾಳಿ ಸಿಕ್ಕಿ ಉರಿದು ಹೋಗತ್ತೆ. ಮಧ್ಯದಲ್ಲಿ ಪ್ರತಿ ಕಡೆಗೂ ಒಂದು ಚೆಕ್ ವಾಲ್ವ್, ಗಾಳಿ ಮ್ಯಾನಿಫೋಲ್ಡ್ ಕಡೆ ಹೋಗಬಹುದು, ಬಿಸಿ ಹೊಗೆ ಪಂಪ್ ಕಡೆ ಬರಬಾರದು. ಇಡೀ ಸಿಸ್ಟಮ್‌ನಲ್ಲಿ ಬಡಪಾಯಿ ಈ ಚೆಕ್ ವಾಲ್ವೇ ಮೊದ್ಲು ಸಾಯೋದು, ಅದು ಸತ್ರೆ ಹೊಗೆ ಹಿಂದೆ ಬಂದು ಹೋಸ್ ಸುಟ್ಟು ಡೈವರ್ಟರನ್ನೂ ಪಂಪನ್ನೂ ಹಾಳುಮಾಡತ್ತೆ. ಸೆಕೆಂಡ್ ಹ್ಯಾಂಡ್ ಪಂಪ್ ತಗೊಳ್ಳುವಾಗ ಗಾಳಿ ಹೊರಗೆ ಬರೋ ಬಾಯಿಯೊಳಗೆ ಬೆರಳು ಹಾಕಿ ನೋಡಿ, ಕಪ್ಪು ಮಸಿ ಅಂಟಿದ್ರೆ ಆ ಪಂಪ್ ಹೊಗೆ ಕುಡಿದಿದೆ, ಅಲ್ಲೇ ಇಟ್ಟು ಬನ್ನಿ. ಚೆಕ್ ವಾಲ್ವ್ ಟೆಸ್ಟ್ ಬಾಯಿಂದ ಊದಿದ್ರೆ ಸಾಕು, ಒಂದು ಕಡೆಯಿಂದ ಹೋಗ್ಬೇಕು, ಇನ್ನೊಂದು ಕಡೆಯಿಂದ ಒಂಚೂರೂ ಹೋಗಬಾರದು. ಹೊಸದೇ ಹಾಕಿಬಿಡಿ ಅಂತ ನಾನಂತೂ ಹೇಳ್ತೀನಿ.

ಮ್ಯಾನಿಫೋಲ್ಡ್‌ಗೆ ಹೋಗೋ ಏರ್ ಟ್ಯೂಬ್‌ಗಳ ನಟ್ ಬಿಚ್ಚೋದಿದ್ಯಲ್ಲ, ಅದು ತಾಳ್ಮೆ ಪರೀಕ್ಷೆ. ಕಾರಲ್ಲಿ ಇಟ್ಕೊಂಡೇ ಬಿಚ್ಚೋಕೆ ಹೋದ್ರೆ ನಟ್ ಜೊತೆ ಟ್ಯೂಬೂ ಸುತ್ಕೊಂಡು ಕಿತ್ತು ಬರತ್ತೆ, ಆ ಟ್ಯೂಬ್ ಮತ್ತೆ ಸಿಗೋದು ಕಷ್ಟ. ಮ್ಯಾನಿಫೋಲ್ಡನ್ನೇ ಹೊರಗೆ ತೆಗೆದು ಬೆಂಚ್ ಮೇಲಿಟ್ಟು, ಹಿಂದಿನ ರಾತ್ರಿನೇ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಬೆಳಗ್ಗೆ ಅದನ್ನ ಚೆನ್ನಾಗಿ ಒರೆಸಿ ತೆಗೆದು ಗ್ಯಾಸ್ ಟಾರ್ಚಲ್ಲಿ ನಟ್ ಸುತ್ತಲಿನ ಕಬ್ಬಿಣ ಕೆಂಪಗೆ ಕಾಯಿಸಿ, ಫ್ಲೇರ್ ಸ್ಪ್ಯಾನರ್ ಹಾಕಿ ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ಆಡಿಸ್ತಾ ಬನ್ನಿ. ಒಂದೇ ಸಲ ಬಲ ಹಾಕಿದ್ರೆ ಕೈ ಕೊಡತ್ತೆ. ಹಿಂದಿನವನು ತೂತಿಗೆ ಪ್ಲಗ್ ಹೊಡೆದಿದ್ರೂ ಇದೇ ದಾರಿ. ಥ್ರೆಡ್ ಟ್ಯಾಪ್ ಹಾಕಿ ಕ್ಲೀನ್ ಮಾಡಿ, ವಾಪಸ್ ಕೂರಿಸುವಾಗ ಹೆಚ್ಚು ಬಿಸಿ ತಡ್ಕೊಳ್ಳೋ ಆಂಟಿ ಸೀಜ್ ಹಚ್ಚಿ, ಎಲ್ಲ ನಟ್‌ಗಳನ್ನೂ ಮೊದ್ಲು ಕೈಯಲ್ಲೇ ಹಿಡಿಸಿ ಆಮೇಲೆ ಟೈಟ್ ಮಾಡಿ, ಒಂದನ್ನ ಪೂರ್ತಿ ಬಿಗಿದ್ರೆ ಮಿಕ್ಕ ಮೂರು ನೇರಕ್ಕೆ ಬರಲ್ಲ. ಚೆಕ್ ವಾಲ್ವ್ ಹಾಕುವಾಗ ಟ್ಯೂಬನ್ನ ಇನ್ನೊಂದು ಸ್ಪ್ಯಾನರಲ್ಲಿ ಹಿಡ್ಕೊಳ್ಳಿ.

ಪಂಪ್ ಬಾಡಿ ಅಲ್ಯುಮಿನಿಯಂ, ವೈಸ್‌ನಲ್ಲಿ ಹಿಡೀಬೇಡಿ, ಬೆಲ್ಟ್ ಬಿಗಿ ಮಾಡೋಕೆ ಅದರ ಮೈಗೆ ಹಾರೆ ಹಾಕಿ ಮೀಟಬೇಡಿ. ಎಣ್ಣೆ ಬಿಡಲೇಬೇಡಿ, ಅದಕ್ಕೆ ಎಣ್ಣೆ ಬೇಕಾಗಿಲ್ಲ. ಪುಲ್ಲಿ ಹಿಂದೆ ಇರೋ ಫ್ಯಾನ್ ಥರದ ಪ್ಲಾಸ್ಟಿಕ್ ಚಕ್ರನೇ ಫಿಲ್ಟರ್, ತಿರುಗುವಾಗ ಧೂಳನ್ನ ಹೊರಗೆ ಎಸೆಯತ್ತೆ. ಹಳೇದು ತೆಗೆಯುವಾಗ ಪುಡಿಪುಡಿ ಆಗೇ ಆಗತ್ತೆ, ಚೂರು ಪಂಪ್ ಒಳಗೆ ಬೀಳದ ಹಾಗೆ ನೋಡ್ಕೊಳ್ಳಿ ಅಷ್ಟೇ, ಹೊಸದನ್ನ ಸುತ್ತಿಗೆಯಲ್ಲಿ ಹೊಡೀಬೇಡಿ, ಪುಲ್ಲಿ ಇಟ್ಟು ಅದರ ಬೋಲ್ಟುಗಳನ್ನ ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗೀತಾ ಒಳಗೆ ಎಳೀರಿ. ಮೊದಮೊದ್ಲು ಕಿರ್ರ್ ಅಂತ ಸ್ವಲ್ಪ ಅರಚತ್ತೆ, ಆಮೇಲೆ ಸರಿಹೋಗತ್ತೆ. ಪುಲ್ಲಿ ಬೋಲ್ಟ್‌ಗಳ ಕೊನೆಯ ಟೈಟ್ ಬೆಲ್ಟ್ ಹಾಕಿದ ಮೇಲೆ ಮಾಡಿ, ಆಗ ಪುಲ್ಲಿ ತಿರುಗಲ್ಲ. ಬೆಲ್ಟ್ ನೇರ ಇದ್ಯಾ ಅಂತ ಒಂದು ಕಬ್ಬಿಣದ ಸ್ಕೇಲ್ ಇಟ್ಟು ನೋಡಿ, ಓರೆ ಇದ್ರೆ ಯಾವುದೋ ಸ್ಪೇಸರ್ ಬಿಟ್ಟುಹೋಗಿದೆ.

ಡೈವರ್ಟರ್ ವಾಲ್ವ್ ಯಾಕೆ ಬೇಕು ಅಂದ್ರೆ, ಓಡ್ತಿರೋ ಕಾರಲ್ಲಿ ಆಕ್ಸಲರೇಟರ್ ತಟ್ಟನೆ ಬಿಟ್ಟಾಗ ಸಿಲಿಂಡರಲ್ಲಿ ಪೆಟ್ರೋಲ್ ಜಾಸ್ತಿ ಆಗಿ ಸುಡದೆ ಹೊರಬೀಳತ್ತೆ, ಆಗ ಎಕ್ಸಾಸ್ಟಲ್ಲಿ ಗಾಳಿ ಸಿಕ್ಕಿದ್ರೆ ಢಂ ಅನ್ನತ್ತೆ. ಆ ಕೆಲವು ಸೆಕೆಂಡ್ ಪಂಪ್‌ನ ಗಾಳಿಯನ್ನ ಹೊರಗೆ ಬಿಡೋದು ಇದರ ಕೆಲಸ. ಐಡಲ್‌ನಲ್ಲಿ ಇದರ ಸೈಲೆನ್ಸರ್ ತೂತಿನ ಹತ್ರ ಕೈ ಹಿಡಿದ್ರೆ ಗಾಳಿ ಬರಬಾರದು, ಥ್ರಾಟಲ್ ಏರಿಸಿ ತಟ್ಟನೆ ಬಿಟ್ರೆ ಬುಸ್ ಅಂತ ಬರ್ಬೇಕು. ಇಳಿಜಾರಲ್ಲಿ ಪಟಾಕಿ ಹೊಡೆದ ಹಾಗೆ ಶಬ್ದ ಬರ್ತಿದ್ರೆ ಮೊದ್ಲು ಇದಕ್ಕೆ ಬರೋ ಸಣ್ಣ ವ್ಯಾಕ್ಯೂಮ್ ಹೋಸ್ ನೋಡಿ, ಅರ್ಧ ಸಲ ಅದೇ ಬಿಚ್ಕೊಂಡಿರತ್ತೆ. ಪಂಪ್ ಒಳಗಿನ ರೆಕ್ಕೆಗಳನ್ನ ತೆಗೆದು ಬರೀ ನೋಟಕ್ಕೆ ಡಬ್ಬ ಕೂರಿಸೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳಬೇಡಿ, ಬಾನೆಟ್ ಎತ್ತಿ ಕಣ್ಣಲ್ಲಿ ನೋಡೋ ಪರೀಕ್ಷೆ ಪಾಸಾದ್ರೂ ಟೈಲ್‌ಪೈಪ್ ನಂಬರಲ್ಲಿ ಸಿಕ್ಕಿಬೀಳ್ತೀರ.

ಕ್ಯಾನಿಸ್ಟರ್ ಅಂದ್ರೆ ಬಾನೆಟ್ ಮೂಲೆಯಲ್ಲಿರೋ ಕಪ್ಪು ಡಬ್ಬ, ಒಳಗೆ ಇದ್ದಿಲು. ಟ್ಯಾಂಕ್ ಮತ್ತೆ ಕಾರ್ಬುರೇಟರಿಂದ ಬರೋ ಪೆಟ್ರೋಲ್ ಆವಿ ಹಿಡಿದಿಟ್ಟು ಎಂಜಿನ್ ಓಡುವಾಗ ವಾಪಸ್ ಕೊಡತ್ತೆ. ಅಲ್ಲಾಡಿಸಿದಾಗ ಒಳಗೆ ನೀರಿನ ಥರ ಅಲುಗಿದ್ರೆ ಪೆಟ್ರೋಲ್ ತುಂಬಿದೆ, ಅದು ಕೆಲಸಕ್ಕೆ ಬರಲ್ಲ. ಬುಡದ ಫಿಲ್ಟರ್ ಬದಲಾಯಿಸಿ. ಟ್ಯಾಂಕ್ ಮುಚ್ಚಳ ಗಾಳಿ ಬಿಡೋ ಹಳೇ ಥರದ್ದಾಗಿದ್ರೆ ಬದಲಾಯಿಸಿ, ಸೀಲ್ ಆಗೋದೇ ಬೇಕು, ಸ್ಮಾಗ್ ಸ್ಟೇಷನ್‌ನಲ್ಲಿ ಮುಚ್ಚಳವನ್ನೂ ಟೆಸ್ಟ್ ಮಾಡ್ತಾರೆ, ಟ್ಯಾಂಕ್ ಕಡೆಗೆ ಸಣ್ಣ ಒತ್ತಡ ತುಂಬಿ ಸೋರತ್ತಾ ಅಂತಲೂ ನೋಡ್ತಾರೆ. ಹಾಗಾಗಿ ಹಿಂದೆ ಟ್ಯಾಂಕ್ ಮೇಲಿನ ರಬ್ಬರ್ ಹೋಸ್‌ಗಳನ್ನ ಮರೀಬೇಡಿ, ಅವು ಕಣ್ಣಿಗೆ ಬೀಳಲ್ಲ, ಒಣಗಿ ಸೀಳಿರತ್ತೆ. ಪೆಟ್ರೋಲ್ ಹಾಕೋ ಬಾಯಿಯೊಳಗಿನ ಕಿರಿದಾದ ತಗಡಿನ ಬಾಗಿಲು ಕಿತ್ತಿದ್ರೆ ಅದೂ ವಾಪಸ್ ಬರ್ಬೇಕು.

ಏರ್ ಕ್ಲೀನರ್ ಒರಿಜಿನಲ್ ಡಬ್ಬನೇ ಇರಬೇಕು, ಮೂತಿ ಇರೋದು. ತಣ್ಣಗಿದ್ದಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸುತ್ತಲಿನ ತಗಡಿಂದ ಬಿಸಿ ಗಾಳಿ ಎಳೆಯೋಕೆ ಮೂತಿಯೊಳಗೆ ಒಂದು ಬಾಗಿಲಿದೆ, ಸ್ಟಾರ್ಟ್ ಮಾಡಿದ ತಕ್ಷಣ ಅದು ಮೇಲೇಳಬೇಕು, ಬಿಸಿಯಾದ ಹಾಗೆ ಇಳೀಬೇಕು. ಮ್ಯಾನಿಫೋಲ್ಡಿಂದ ಮೂತಿಗೆ ಬರೋ ಮಡಿಕೆ ಪೈಪ್ ಅಗ್ಗದ ಸಾಮಾನು, ಹೊಸದು ಹಾಕಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಾಯಲ್ಲಿರೋ ಹೀಟ್ ರೈಸರ್ ವಾಲ್ವ್ ತುಕ್ಕು ಹಿಡಿದು ಗಟ್ಟಿಯಾಗಿರತ್ತೆ, ಕೈಯಲ್ಲಿ ಸಲೀಸಾಗಿ ಆಡ್ಬೇಕು.

ವ್ಯಾಕ್ಯೂಮ್ ಹೋಸ್ ಎಲ್ಲ ಕೊನೆಗೆ, ಒಂದೇ ಸಲ ಹೊಸದು. ಹಳೇದ್ರಲ್ಲಿ ಒಂದೆರಡು ಚೆನ್ನಾಗಿದೆ ಅಂತ ಉಳಿಸ್ಕೋಬೇಡಿ. ಸ್ಟಿಕ್ಕರಿನ ಚಿತ್ರದ ಫೋಟೋ ಪ್ರಿಂಟ್ ತೆಗೆದು, ಹಾಕಿದ ಹೋಸನ್ನ ಪೆನ್ನಲ್ಲಿ ತಿದ್ದುತ್ತಾ ಹೋಗಿ. ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಮತ್ತೆ ಪೋರ್ಟೆಡ್ ವ್ಯಾಕ್ಯೂಮ್ ಅದಲು ಬದಲು ಆಗೋದು ಇಲ್ಲೇ. ಪೋರ್ಟೆಡ್ ಮೂತಿಯಲ್ಲಿ ಐಡಲ್‌ನಲ್ಲಿ ಎಳೆತ ಇರಲ್ಲ, ಥ್ರಾಟಲ್ ಕೊಟ್ರೆ ಬರತ್ತೆ. ಇಜಿಆರ್‌ಗೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಹೋದ್ರೆ ಬಿಸಿಯಾದ ಮೇಲೆ ಐಡಲ್‌ನಲ್ಲೇ ಎಂಜಿನ್ ಸಾಯತ್ತೆ. ಎಲ್ಲೋ ಗಾಳಿ ಎಳೀತಿದೆ ಅಂತ ಅನುಮಾನ ಇದ್ರೆ ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೀಬೇಡಿ, ಬೆಂಕಿ ಹತ್ಕೊಳ್ಳತ್ತೆ. ಒಂದು ಉದ್ದ ಹೋಸಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಜಾಯಿಂಟ್‌ಗಳ ಹತ್ರ ಆಡಿಸಿ, ಸುಯ್ ಅನ್ನೋದು ಸ್ಪಷ್ಟ ಕೇಳತ್ತೆ, ಫ್ಯಾನ್ ಬೆಲ್ಟಿಂದ ದೂರ ಇರಿ.

ಆಮೇಲೆ ಟೈಮಿಂಗ್, ಸ್ಟಿಕ್ಕರಲ್ಲಿ ಬರೆದ ಹಾಗೇ ಇಡಿ. ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರ್ ವ್ಯಾಕ್ಯೂಮ್ ಹೋಸ್ ಬಿಚ್ಚಿ ಬಾಯಿ ಮುಚ್ಚಿ ಇಡ್ತಾರೆ. ಟೆಸ್ಟಿನ ದಿನ ಟೈಮಿಂಗ್ ಲೈಟ್ ಹಾಕಿ ಅವರೂ ನೋಡ್ತಾರೆ, ಎರಡು ಡಿಗ್ರಿ ಜಾಸ್ತಿ ಇಟ್ಟು ಪವರ್ ಹುಡುಕೋಕೆ ಹೋಗಬೇಡಿ.

ಟೆಸ್ಟಿಗೆ ಹೋಗೋ ಮುಂಚೆ ಆಯಿಲ್ ಬದಲಾಯಿಸಿ, ಕ್ರ್ಯಾಂಕ್‌ಕೇಸಲ್ಲಿ ಪೆಟ್ರೋಲ್ ಬೆರೆತ ಹಳೇ ಆಯಿಲ್ ಇದ್ರೆ ಪಿಸಿವಿ ಅದರ ಆವಿ ಎಳೆದು ನಂಬರ್ ಕೆಡಿಸತ್ತೆ. ಫ್ರೀವೇ ಮೇಲೆ ಅರ್ಧ ಗಂಟೆ ಓಡಿಸಿ ಕನ್ವರ್ಟರ್ ಕಾಯಿಸಿ ಸೀದಾ ಒಳಗೆ ಹೋಗಿ, ಸಾಲಲ್ಲಿ ಎಂಜಿನ್ ಆಫ್ ಮಾಡ್ಕೊಂಡು ಕೂತ್ರೆ ತಣ್ಣಗಾಗತ್ತೆ. ದೊಡ್ಡ ಊರುಗಳಲ್ಲಿ ಡೈನೋ (ಚಕ್ರ ಉರುಳಿಸೋ ರೋಲರ್) ಮೇಲೆ ಗಂಟೆಗೆ 15 ಮೈಲಿ ಮತ್ತೆ 25 ಮೈಲಿ ಸ್ಪೀಡಲ್ಲಿ ಅಳೀತಾರೆ. ಫೇಲ್ ಆದ್ರೆ ಶೀಟ್ ನೋಡಿ, ಅದೇ ಹೇಳತ್ತೆ ಎಲ್ಲಿ ಹುಡುಕಬೇಕು ಅಂತ. ನೈಟ್ರೋಜನ್ ಆಕ್ಸೈಡ್ ಮಾತ್ರ ಜಾಸ್ತಿ ಇದ್ರೆ ಇಜಿಆರ್ ದಾರಿ, ಇಲ್ಲ ಟೈಮಿಂಗ್, ಇಲ್ಲ ಎಂಜಿನ್ ಜಾಸ್ತಿ ಕಾಯ್ತಿದೆ. ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಇದ್ರೆ ಕಾರ್ಬುರೇಟರ್ ರಿಚ್, ಚೋಕ್ ಪೂರ್ತಿ ತೆರೆದಿಲ್ಲ, ಇಲ್ಲ ಏರ್ ಪಂಪ್ ಗಾಳಿ ಬರ್ತಿಲ್ಲ. ಹೈಡ್ರೋಕಾರ್ಬನ್ ಒಂದೇ ಜಾಸ್ತಿ ಇದ್ರೆ ಪ್ಲಗ್, ವೈರ್, ಎಲ್ಲೋ ಮಿಸ್‌ಫೈರ್. ಹೈಡ್ರೋಕಾರ್ಬನ್, ಕಾರ್ಬನ್ ಮೊನಾಕ್ಸೈಡ್ ಎರಡೂ ಸ್ವಲ್ಪಸ್ವಲ್ಪ ಜಾಸ್ತಿ ಅಂದ್ರೆ ಕನ್ವರ್ಟರ್ ಮೇಲೆ ಅನುಮಾನ ಪಡಿ.

ಯಾವುದೋ ಒಂದು ಸಾಮಾನು ಎಷ್ಟು ಹುಡುಕಿದ್ರೂ ಸಿಗ್ತಿಲ್ಲ ಅಂದ್ರೆ ಸ್ಮಾಗ್ ರೆಫರಿ (ತೊಡಕಿನ ಕಾರುಗಳನ್ನ ನೋಡಿ ತೀರ್ಮಾನ ಮಾಡೋರು) ಆಫೀಸಿಗೆ ಅಪಾಯಿಂಟ್‌ಮೆಂಟ್ ತಗೊಳ್ಳಿ, ಇಂಥದ್ದಕ್ಕೇ ಅವರಿರೋದು. ಇನ್ನೊಂದು ದಾರಿನೂ ಇದೆ, ಕಾರ್ 35 ವರ್ಷದ್ದೋ ಅದಕ್ಕಿಂತ ಹಳೇದೋ ಆಗಿ ಕಲೆಕ್ಟರ್ ಕಾರ್ ಇನ್ಶೂರೆನ್ಸ್ ಇದ್ರೆ ಅದೇ ರೆಫರಿ ಹತ್ರ ಟೈಲ್‌ಪೈಪ್ ಟೆಸ್ಟ್ ಪಾಸಾಗಿ, ಟ್ಯಾಂಕ್ ಮುಚ್ಚಳ ಸರಿ ಇದ್ದು, ಪೆಟ್ರೋಲ್ ಸೋರದೇ ಇದ್ರೆ ಸಾಮಾನಿನ ಲೆಕ್ಕ ಕೇಳಲ್ಲ. ಆದ್ರೆ ಅಷ್ಟು ಹಳೇ ಎಂಜಿನ್ ಈ ಸಾಮಾನಿಲ್ಲದೆ ಟೈಲ್‌ಪೈಪಲ್ಲಿ ಪಾಸಾಗೋದು ಕಷ್ಟ, ಅದನ್ನ ನಂಬ್ಕೊಂಡು ಪಂಪ್ ಮಾರಬೇಡಿ.

ಪಾಸಾದ್ಮೇಲೂ ಒಂದು ಕೆಲಸ ಬಾಕಿ ಇರತ್ತೆ. ನೂರಿನ್ನೂರು ಮೈಲಿ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್, ಏರ್ ಟ್ಯೂಬ್ ನಟ್, ಇಜಿಆರ್ ಬೋಲ್ಟ್ ಮೂರನ್ನೂ ಒಂದ್ಸಲ ಸ್ಪ್ಯಾನರ್ ಹಾಕಿ ನೋಡಿ, ಕಾದು ತಣಿದು ಸ್ವಲ್ಪ ಲೂಸ್ ಆಗಿರತ್ತೆ. ಹೊಸ ಬೆಲ್ಟೂ ಅಷ್ಟೊತ್ತಿಗೆ ಎಳೆದಿರತ್ತೆ, ಅದನ್ನೂ ಬಿಗಿ ಮಾಡಿ. ಚೆಕ್ ವಾಲ್ವ್ ಪಕ್ಕದ ಹೋಸನ್ನ ಓಡಿಸಿ ಬಂದ ತಕ್ಷಣ ಕೈಯಲ್ಲಿ ಹುಷಾರಾಗಿ ಮುಟ್ಟಿ ನೋಡಿ, ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕಾಗದಷ್ಟು ಸುಡ್ತಿದ್ರೆ ವಾಲ್ವ್ ಬದಲಾಯಿಸಿ.